ಸಪ್ಪೆ ಎಂದು ಹೇಳಿದ ಹೊಯ್ಗೆ

ಆ ಹೊಯ್ಗೆಯಲ್ಲಿ, ಹೊಳೆಯಿಂದ ತಂದ ಆ ಮರಳಿನಲ್ಲಿ, ಉಪ್ಪಿತ್ತು. ನನಗೆ ಗೊತ್ತಿತ್ತು. ಚಿಟಿಕೆಯಷ್ಟು ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸಿದ ಕೂಡಲೇ ಗೊತ್ತಾಗಿತ್ತು. ಆದರೂ ನನ್ನ ಯಜಮಾನರ ಮುಖವನ್ನು ನೋಡುತ್ತಲೇ "ಸಪ್ಪೆ" ಎಂದು ಹೇಳಿದೆ.

ಅವರು ನಂಬಿದರು. ನಂಬದೆ ಇರಲು ಅವರಿಗೆ ಕಾರಣವೇ ಇರಲಿಲ್ಲ — ಅದೇ ನನ್ನನ್ನು ಇಷ್ಟು ವರ್ಷ ಒಳಗೊಳಗೇ ತಿಂದದ್ದು. ಸುಳ್ಳು ಹೇಳಿದವಳು ನಾನು, ಹೆಸರು ಕೆಟ್ಟದ್ದು ಅವರದು.

ನಾನು ಕಾರವಾರದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಶನಿವಾರ ಸಂಜೆ ಕ್ರೈಸ್ತರ ಹುಡುಗಿಯರು ಸಾಲಾಗಿ ಇಗರ್ಜಿಗೆ ಹೋಗಿ, ಮರದ ಜಾಲರಿಯ ಆಚೆ ಕೂತ ಪಾದ್ರಿಯ ಕಿವಿಗೆ ತಮ್ಮ ತಪ್ಪುಗಳನ್ನು ಹೇಳಿ ಬರುತ್ತಿದ್ದರು. ಹೋಗುವಾಗ ತಲೆ ತಗ್ಗಿಸಿದವರು ಬರುವಾಗ ಒಬ್ಬರನ್ನೊಬ್ಬರು ಚಿವುಟುತ್ತ, ನಗುತ್ತ ಬರುವರು. ನಾವು ಹಿಂದೂ ಹುಡುಗಿಯರು ವರಾಂಡದಲ್ಲಿ ಕಸೂತಿ ಹಾಕುತ್ತ ಅವರನ್ನು ನೋಡುತ್ತಿದ್ದೆವು. ನನಗೆ ಹೊಟ್ಟೆಕಿಚ್ಚು — ಇಷ್ಟು ಸುಲಭವೇ, ಹೇಳಿದರೆ ಮುಗಿಯಿತೇ ಎಂದು. ಈಗ ಹೇಳಲು ಕೂತಾಗ ತಿಳಿಯುತ್ತಿದೆ. ಸುಲಭವೂ ಅಲ್ಲ, ಮುಗಿಯುವುದೂ ಇಲ್ಲ.

ಇದೆಲ್ಲ ಆದದ್ದು ಅಪ್ಪನ ಹಳೆಯ ಮೋಟಾರಿನಿಂದ. ಮೋಟಾರಿಗೂ ಹೊಯ್ಗೆಗೂ ಏನು ಸಂಬಂಧ ಎಂದು ಓದುವವರು ಕೇಳಬಹುದು. ಮೊದಲಿನಿಂದ ಹೇಳುತ್ತೇನೆ.

ನನ್ನ ಅಪ್ಪ ಮರದ ವ್ಯಾಪಾರಿ. ಕಾರವಾರದಲ್ಲಿ ಮೋಟಾರು ಇದ್ದ ಕೆಲವೇ ಮನೆಗಳಲ್ಲಿ ನಮ್ಮದೂ ಒಂದು. ಬಟ್ಟೆಯ ಮಾಡಿನ ದೊಡ್ಡ ಹಸಿರು ಗಾಡಿ, ಹಿತ್ತಾಳೆಯ ಕೊಂಬು, ಕೂತರೆ ನಿಟ್ಟುಸಿರು ಬಿಡುವ ಚರ್ಮದ ಸೀಟು. ಭಾನುವಾರ ಅಪ್ಪನ ಪಕ್ಕದಲ್ಲಿ ಕೂತು ಸಮುದ್ರದ ದಂಡೆಯ ರಸ್ತೆಯಲ್ಲಿ ಹೋಗುವುದು ನನ್ನ ಪಾಲಿನದು. ಅಣ್ಣ ಹಿಂದೆ ಕೂರಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಗಾಡಿ ಅಣ್ಣನ ಹಿತ್ತಲಿನಲ್ಲಿ ತೆಂಗಿನ ಮಡಲು ಹೊದಿಸಿದ ಮಾಡಿನ ಕೆಳಗೆ ನಿಂತೇ ಹೋಯಿತು. ಸಮುದ್ರದ ಗಾಳಿ ಅದರ ಬಣ್ಣವನ್ನು ಮೊದಲು ತಿಂದಿತು, ಆಮೇಲೆ ಕಬ್ಬಿಣವನ್ನು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂರತೊಡಗಿದವು.

ನನ್ನನ್ನು ಅಂಕೋಲೆಗೆ ಕೊಟ್ಟಿದ್ದರು. ನನ್ನ ಯಜಮಾನರಿಗೆ ಅಕ್ಕಿಯ ಗಿರಣಿ ಇದೆ. ಮುಂದೆ ಗಿರಣಿ, ಹಿಂದೆ ಅಂಗಳ, ಅದರ ಹಿಂದೆ ಮನೆ. ಅವರಿಗೆ ಗಿರಣಿಯ ಲೆಕ್ಕಕ್ಕಿಂತ ಗಿರಣಿಯ ಎಣ್ಣೆ ಎಂಜಿನಿನ ಮೇಲೆ ಪ್ರೀತಿ ಹೆಚ್ಚು. ಅದು ಕೆಮ್ಮಿದರೆ ಊಟದ ಬಾಳೆ ಬಿಟ್ಟು ಏಳುವವರು. ಊರಿನವರ ಹೊಲಿಗೆ ಯಂತ್ರ, ಸೈಕಲ್ಲು, ಗಡಿಯಾರ ಎಲ್ಲ ನಮ್ಮ ಜಗಲಿಗೆ ಬರುತ್ತಿದ್ದವು, ಸರಿಯಾಗಿ ಹೋಗುತ್ತಿದ್ದವು.

ಒಮ್ಮೆ ಕಾರವಾರಕ್ಕೆ ಹೋದಾಗ ಇವರು ಆ ಗಾಡಿಯ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ನೋಡಿದರು. ಎದ್ದಾಗ ಅಂಗಿಯ ಬೆನ್ನಿಗೆಲ್ಲ ಕೋಳಿಯ ಹಿಕ್ಕೆ. ಅಣ್ಣ ಜಗಲಿಯಲ್ಲಿ ಕೂತು ನಗುತ್ತಿದ್ದ. ಅವನು ವಕೀಲ. ನಾನು ಅವನನ್ನು ದಾದಾ ಎನ್ನುತ್ತೇನೆ.

"ಕೊಂಡ್ಹೋಗಿ ಭಾವಾ," ಎಂದ. "ಇಲ್ಲಿ ಕೋಳಿ ಕಾವಿಗೆ ಕೂರೂದು ಬಿಟ್ರೆ ಅದ್ರಿಂದ ಎಂತದೂ ಇಲ್ಲ. ಸರಿ ಮಾಡ್ಕಂಡ್ರೆ ನಿಮ್ದೇ."

ನಾನು ಬಾಗಿಲ ಸಂದಿಯಲ್ಲಿ ಇದ್ದೆ. ತಡೆಯಲಾಗಲಿಲ್ಲ. "ದಾದಾ, ಆಮೇಲೆ ತಿರುಗಿ ಕೇಳೂದಿಲ್ಲ ಅಲ್ದಾ?"

"ಏ ಹುಚ್ಚೀ, ತಂಗಿಗೆ ಕೊಟ್ಟದ್ದು ಯಾರಾದ್ರೂ ತಿರುಗಿ ಕೇಳ್ತಾರೇನೇ?"

ಆ ಮಾತು ನನಗೆ ಹಾಗೆಯೇ, ಅವನ ನಗು ಸಮೇತ, ನೆನಪಿದೆ.

ಗಾಡಿಗೆ ಜೋಡೆತ್ತು ಕಟ್ಟಿ ಕಡಲ ಬದಿಯ ಸಣ್ಣ ಘಟ್ಟ ದಾಟಿಸಿ ತಂದೆವು. ದಾರಿಯಲ್ಲಿ ಅವರ್ಸಾದ ಹತ್ತಿರ ಗದ್ದೆಯ ಬದುವಿನಿಂದ ಒಬ್ಬ ಹೆಂಗಸು ಕೂಗಿದಳು — "ಓ ಒಡೆಯಾ, ಈ ಮೋಟಾರಿಗೆ ಎಣ್ಣೆ ಹಾಕ್ತ್ರೋ, ಹುಲ್ಲು ಹಾಕ್ತ್ರೋ?" ಇವರು ಇಳಿದು ನಿಂತು ನಗಾಡಿದರು. ಅಷ್ಟು ಖುಷಿಯಲ್ಲಿದ್ದರು.

ಮೊದಲ ಬೇಸಿಗೆ ಪೂರ್ತಿ ತಂತಿಯ ಬ್ರಶ್ಶು, ಮರಳು ಕಾಗದ ಹಿಡಿದು ತಿಕ್ಕಿದರು. ಸಪಾಟಾದ ಕಡೆ ತುಕ್ಕು ಹೋಗುತ್ತಿತ್ತು. ಮಡಿಕೆಗಳಲ್ಲಿ, ರಿವೀಟುಗಳ ಸುತ್ತ, ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಹೋಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ರಕ್ತ ಬರುವಷ್ಟು ತಿಕ್ಕಿದರೂ ಇಲ್ಲ. ಮುಂಬಯಿಯಲ್ಲಿ ಗಾಳಿಯ ಒತ್ತಡದಿಂದ ಹೊಯ್ಗೆಯನ್ನು ಊದಿ ತುಕ್ಕು ತೆಗೆಯುವ ಯಂತ್ರ ಇದೆ ಎಂದು ಯಾರೋ ಹೇಳಿದರು. ಇವರು ಅಂಗಡಿಗಳಿಗೆ ಬರೆದು ಚಿತ್ರದ ಪುಸ್ತಕಗಳನ್ನು ತರಿಸಿದರು. ಎಲ್ಲ ಇಂಗ್ಲಿಷು. ಇವರು ಓದಿದ್ದು ಕನ್ನಡ, ಮರಾಠಿ. ಹೀಗೆ ನಾನು ಆ ಕೆಲಸದೊಳಗೆ ಬಂದೆ.

ಮಧ್ಯಾಹ್ನದ ಊಟದ ಮೇಲೆ ನಾನು ಓದಿ ಹೇಳುವುದು, ಇವರು ವೀಳ್ಯ ಅಗಿಯುತ್ತ ಕೇಳುವುದು. ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ಹೊಯ್ಗೆ ತೆರೆದ ಡಬ್ಬದಲ್ಲಿರುತ್ತದೆ, ಗಾಳಿ ಓಡುವಾಗ ಅದನ್ನು ಕೊಳವೆಯಿಂದ ಹೀರಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಹೊಯ್ಗೆಯನ್ನು ಮುಚ್ಚಿದ ಕಬ್ಬಿಣದ ಹಂಡೆಯೊಳಗೆ ಹಾಕಿ, ಗಾಳಿಯನ್ನು ಅದರ ಮೇಲೇ ಒತ್ತುತ್ತಾರೆ. ಎರಡನೆಯದು ಬಹಳ ಬೇಗ ಕೆಲಸ ಮಾಡುತ್ತದೆ ಎಂದು ದೊಡ್ಡ ಅಕ್ಷರದಲ್ಲಿತ್ತು. ನನಗೆ ಅದೇ ಚೆನ್ನ ಅನಿಸಿತು.

"ಬೇಗ ಮಾಡ್ತದೆ, ಹೌದು. ಗಾಳಿ ಎಷ್ಟು ಕುಡೀತದೆ? ಅದು ಓದು," ಎಂದರು.

ಓದಿದೆ. ಅದು ಸಣ್ಣ ಅಕ್ಷರದಲ್ಲಿತ್ತು. ಇವರು ಗೋಡೆ ನೋಡುತ್ತ ಲೆಕ್ಕ ಹಾಕಿದರು. "ನಮ್ಮ ಎಂಜಿನಿಗೆ ಪಟ್ಟಿ ಹಾಕಿ ಗಾಳಿ ಪಂಪು ಓಡ್ಸಿದ್ರೆ ಅದ್ರ ಅರ್ಧ ಗಾಳಿಯೂ ಬರೂದಿಲ್ಲ. ಹಂಡೆ ತಕಂಡು ಪೂಜೆ ಮಾಡೂದಾ? ಗಾಳಿ ನೋಡಿ ಯಂತ್ರ ತಕಳ್ಬೇಕು, ಯಂತ್ರ ನೋಡಿ ಗಾಳಿ ಅಲ್ಲ." ಹಾಗೆ ಹೀರುವ ಬಗೆಯದನ್ನೇ ತರಿಸಿದೆವು. ಪಂಪೂ ಯಂತ್ರವೂ ಮುಂಬಯಿಯ ಆಗಬೋಟಿನಲ್ಲಿ, ಆ ಹೊಗೆಹಡಗಿನಲ್ಲಿ, ಕಾರವಾರಕ್ಕೆ ಬಂದು, ಎತ್ತಿನ ಗಾಡಿಯಲ್ಲಿ ಅಂಕೋಲೆಗೆ ಬಂದವು. ಹೊಯ್ಗೆ ಹೊರಬೀಳುವ ಮೂತಿ ಒಂದೇ ಸಾಲದು, ಹೊಯ್ಗೆ ಅದನ್ನೂ ಕೊರೆದು ತೂತು ದೊಡ್ಡದು ಮಾಡುತ್ತದೆ ಎಂದು ಪುಸ್ತಕದಲ್ಲಿತ್ತು. ಹೆಚ್ಚಿನ ಮೂತಿಗಳನ್ನೂ ತರಿಸಿದ್ದರು.

ದೂಳು ಎದೆಗೆ ಕೆಟ್ಟದ್ದು ಎಂದೂ ಇತ್ತು. ಅದನ್ನು ನಾನು ಮೂರು ಸಲ ಓದಿ ಹೇಳಿದೆ. ಹಾಯಿ ಬಟ್ಟೆಯಲ್ಲಿ ಭುಜದವರೆಗೆ ಬರುವ ಕುಲಾವಿಯೊಂದನ್ನು ನಾನೇ ಹೊಲಿದೆ. ಕಣ್ಣಿನ ಜಾಗಕ್ಕೆ ಒಡೆದ ಲಾಂದ್ರದ ಗಾಜು, ಗಾಜಿನ ಸುತ್ತ ಎರಡು ಸಾಲು ಹೊಲಿಗೆ, ಒಳಗೆ ಮೂಗಿಗೆ ಒದ್ದೆ ಪಂಚೆ. ಅದನ್ನು ಹಾಕಿಕೊಂಡು ಇವರು ಅಂಗಳಕ್ಕೆ ಇಳಿದ ಮೊದಲ ದಿನ ಅಕ್ಕಿ ಮಾಡಿಸಲು ಬಂದ ಹೆಂಗಸರು ಭತ್ತದ ಬುಟ್ಟಿ ಬಿಟ್ಟು ಓಡಿದರು. "ಗಿರಣಿ ಒಡೆಯರಿಗೆ ಹೊಯ್ಗೆ ದೆವ್ವ ಹಿಡಿದದೆ" ಎಂದು ಪೇಟೆಯಲ್ಲೆಲ್ಲ ಆಯಿತು.

ಆದರೆ ಆ ಯಂತ್ರ ಕೆಲಸ ಮಾಡುವುದನ್ನು ನೋಡಬೇಕಿತ್ತು. ಮೂತಿಯನ್ನು ಓರೆಯಾಗಿ ಹಿಡಿದು ನಿಲ್ಲಿಸದೆ ಆಡಿಸುತ್ತ ಹೋಗಬೇಕು. ಒಂದೇ ಕಡೆ ನಿಲ್ಲಿಸಿದರೆ ತೆಳು ತಗಡು ಬಿಸಿಲಿಗಿಟ್ಟ ಹಪ್ಪಳದಂತೆ ಡೊಂಕಾಗುತ್ತದೆ. ಇವರ ಕೈ ಹೋದಲ್ಲೆಲ್ಲ ಕಂದು ತುಕ್ಕು ಹಾರಿ, ಕೆಳಗಿನಿಂದ ಬೂದುಬೆಳ್ಳಗೆ ಹೊಸ ಕಬ್ಬಿಣ ಏಳುತ್ತಿತ್ತು. ಈಗಷ್ಟೇ ಹುಟ್ಟಿದಂತೆ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಗುರುತು ಕೂರುತ್ತದೆ. ನಮ್ಮ ಕರಾವಳಿಯ ಗಾಳಿಗೆ ಒಂದು ರಾತ್ರಿಯೂ ಬಿಡಬಾರದು, ಬೆಳಗಿನ ಇಬ್ಬನಿ ಆರಿದ ಮೇಲೆ ಊದಿ ಅದೇ ಸಂಜೆಯೊಳಗೆ ತುಕ್ಕು ತಡೆಯುವ ಸಿಂಧೂರದ ಕೆಂಪು ಬಣ್ಣ ಬಳಿದು ಮುಗಿಸಬೇಕು.

ತಪ್ಪು ಮಾಡಿಯೇ ಕಲಿತದ್ದು ಒಂದಿದೆ. ಸಮುದ್ರ ನಮ್ಮ ಮನೆಗೆ ಕೂಗಳತೆ. ಹಿಟ್ಟಿನಂತಹ ಹೊಯ್ಗೆ, ಕೇಳುವವರಿಲ್ಲ. ಇಂಥ ಊರಲ್ಲಿ ಇದ್ದವರಿಗೆ ಹೊಯ್ಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮೊದಲಿಗೆ ಅದನ್ನೇ ತುಂಬಿ ಗಾಡಿಯ ಮುಂದೀಪದ ಒಂದು ಬಟ್ಟಲಿಗೆ ಊದಿದರು. ಬೆಳ್ಳಿಯಂತಾಯಿತು. ಬೆಳಿಗ್ಗೆ ನೋಡಿದರೆ ಅರಿಶಿಣ ಬಳಿದಂತೆ ಹಳದಿ. ಹೊಯ್ಗೆಯ ಉಪ್ಪು ಕಬ್ಬಿಣದ ಮೈಯೊಳಗೆ ಹೊಕ್ಕಿತ್ತು. ಆಮೇಲೆ ಪುಸ್ತಕ ತಿರುವಿದೆ. ಕಡಲಿನ ಹೊಯ್ಗೆ ಬೇಡ ಎಂದು ಅದರಲ್ಲೂ ಇತ್ತು, ನಾನು ಆ ಪುಟ ಬಿಟ್ಟಿದ್ದೆ. ಇವರು ಬೈಯಲಿಲ್ಲ. "ಹೋಗ್ಲಿ, ಬಟ್ಟಲು ಒಂದೇ ಹೋಯ್ತು," ಎಂದರು.

ಅಂದಿನಿಂದ ಗಂಗಾವಳಿ ಹೊಳೆಯ ಮೇಲಿನ ಕಡೆಯಿಂದ, ಉಬ್ಬರದ ನೀರು ಏರದ ಜಾಗದಿಂದ, ಬೊಮ್ಮಗೌಡ ಎಂಬ ಗಾಡಿಯವನು ಹೊಯ್ಗೆ ತರುತ್ತಿದ್ದ. ಅದನ್ನು ಬಾವಿಯ ನೀರಲ್ಲಿ ತೊಳೆದು, ಚಾಪೆಯ ಮೇಲೆ ಒಣಗಿಸಿ, ಜರಡಿ ಹಿಡಿಯುವುದು ನನ್ನ ಪಾಲು. ಕೊನೆಗೆ ರುಚಿ. ಇವರ ನಾಲಿಗೆ ಹೊಗೆಸೊಪ್ಪಿನಿಂದ ಸತ್ತುಹೋಗಿತ್ತು, ಸಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗದು. ಹಾಗಾಗಿ ಪ್ರತಿ ಸಲ ಚಿಟಿಕೆ ಹೊಯ್ಗೆಯನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿಯುವರು, ತೀರ್ಥ ಕೊಟ್ಟಂತೆ. ನಾನು ನಾಲಿಗೆಗೆ ಮುಟ್ಟಿಸಿ ಹೇಳಬೇಕು. ಉಪ್ಪಿದ್ದರೆ ಮತ್ತೆ ತೊಳೆಯುವುದು, ಸಪ್ಪೆ ಇದ್ದರೆ ಎಂಜಿನು ಶುರು. ಅವರ ಒಂದು ತಮಾಷೆ ಇತ್ತು, ಎಲ್ಲರ ಮುಂದೂ ಹೇಳುವರು — "ಇದು ಕಾನ್ವೆಂಟಿನ ನಾಲಿಗೆ ಮಾರಾಯ್ರೇ, ಸುಳ್ಳು ಹೇಳೂದಕ್ಕೆ ಬರೂದಿಲ್ಲ."

ಎರಡನೆಯ ಬೇಸಿಗೆಯ ಹೊತ್ತಿಗೆ ಗಾಡಿಯ ಮೈ ಮುಕ್ಕಾಲು ಸಿದ್ಧವಾಗಿತ್ತು. ಮುಂಭಾಗಕ್ಕೆ ಹಸಿರು ಬಣ್ಣವೂ ಬಂದಿತ್ತು. ಎಂಜಿನು ತಿರುಗಿತು. ಅದರ ದನಿ ಕೇಳಿ ನಾನು ಒಳಗೆ ಹೋಗಿ ಅತ್ತುಬಿಟ್ಟೆ, ಅಪ್ಪನ ಕೆಮ್ಮು ಕೇಳಿದ ಹಾಗಾಗಿತ್ತು. ನೋಡಲು ಜನ ಬರತೊಡಗಿದರು. ಕಾರವಾರದ ಒಬ್ಬ ಡಾಕ್ಟರರು, ಕುಮಟೆಯ ಒಬ್ಬ ಶೇಂಗಾ ವ್ಯಾಪಾರಿ, ಇಬ್ಬರೂ ತಮ್ಮ ಗಾಡಿಗಳಿಗೂ ಹೀಗೆ ಮಾಡಿಕೊಡಿ ಎಂದರು. ಇವರು ಆ ರಾತ್ರಿ ಊಟಕ್ಕೆ ಕೂತು, ಗಿರಣಿಯನ್ನು ತಮ್ಮನಿಗೆ ಬಿಟ್ಟು ತಾನು ಇದೇ ಕೆಲಸಕ್ಕೆ ನಿಂತರೆ ಹೇಗೆ ಎಂದು ನನ್ನನ್ನು ಕೇಳಿದರು. ನನ್ನನ್ನು ಕೇಳಿದರು — ಅದನ್ನೂ ಬರೆಯಬೇಕು. ಯಾವ ಗಂಡಸು ಕೇಳುತ್ತಾನೆ?

ದಾದಾ ಬಂದದ್ದು ಅದಾದ ಮೇಲೆ. ಬಾಡಿಗೆ ಮೋಟಾರಿನಿಂದ ಇಳಿದವನು ಮನೆಯೊಳಗೆ ಬರದೆ ಸೀದಾ ಗಾಡಿಯ ಸುತ್ತ ತಿರುಗಿದ. ಒಳಗೆ ಕೂತು ಚಕ್ರ ಹಿಡಿದ. ಕೊಂಬು ಒತ್ತಿದ. ನಾನು ಬೆಲ್ಲ, ನೀರು ಹಿಡಿದು ನಿಂತೇ ಇದ್ದೆ.

"ಭಾವಾ, ಭಾರೀ ಕೆಲಸ ಮಾಡಿದ್ರಿ," ಎಂದ. "ನಿಮ್ಮ ಖರ್ಚು ಎಷ್ಟಾಯ್ತು ಹೇಳಿ, ಕೊಡ್ತೆ. ಮುಗ್ದ ಕೂಡ್ಲೇ ನಾನು ಜನ ಕಳಿಸ್ತೆ, ತಕಂಡು ಹೋಗೂದಕ್ಕೆ."

ಇವರಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕಾರವಾರಕ್ಕೆ. ಅಪ್ಪನ ಗಾಡಿ ಅಲ್ದಾ, ಮನೆತನದ್ದು. ಸರಿ ಮಾಡೂದಕ್ಕೆ ಕೊಟ್ಟದ್ದು."

ನಾನು ತಂಬಿಗೆ ಕೆಳಗಿಟ್ಟೆ. "ದಾದಾ, ಸರಿ ಮಾಡ್ಕಂಡ್ರೆ ನಿಮ್ದೇ ಅಂದವ ನೀನೇ. ನಾನೇ ಕೇಳಿದ್ದೆ ನಿನ್ನ ಹತ್ರ —"

"ನೀ ಸುಮ್ನಿರು. ವ್ಯವಹಾರದ ಮಾತು ಇದು." ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಬಹುಶಃ ಹೇಳಲಾಗುತ್ತಿರಲಿಲ್ಲ. ಅವನ ಶರಟಿನ ಕಾಲರಿನ ಹಿಂದೆ ಚೂರು ಕ್ಷೌರದ ಸಾಬೂನು ಒಣಗಿ ಅಂಟಿತ್ತು. ಅದನ್ನೇ ನೋಡುತ್ತಿದ್ದೆ, ಬೇರೆಲ್ಲೂ ನೋಡಲು ಆಗದೆ.

ಇವರು ಜಗಳ ಮಾಡುವರು ಎಂದು ಕಾದೆ. ಮಾಡಲಿಲ್ಲ. ಬಹಳ ಹೊತ್ತು ಕೈಯಲ್ಲಿದ್ದ ಚಿಂದಿಯಿಂದ ಬೆರಳು ಒರೆಸಿಕೊಂಡರು. ಆಮೇಲೆ, "ಆಯ್ತು. ಬಾಗಿಲು, ಹಿಂದಿನ ಮಡ್‌ಗಾರ್ಡು ಉಳಿದದೆ. ಮಳೆಗಿಂತ ಮುಂಚೆ ಮುಗಿಸಿ ಕೊಡ್ತೆ," ಎಂದರು.

ದಾದಾ ಹೋದ ಮೇಲೆ ನಾನು ಅತ್ತು ಕೂಗಿ ರಂಪ ಮಾಡಿದೆ. ಇವರು ಹೇಳಿದ್ದು ಇಷ್ಟೇ — "ಗಾಡಿ ನಿನ್ನ ಅಪ್ಪಂದು, ಅವ ಇಟ್ಕಳ್ಲಿ. ಕೆಲಸ ನಂದು. ಅದು ಕಾರವಾರದ ರಸ್ತೆ ಮೇಲೆ ಓಡಿದ್ರೆ ನನ್ನ ಕೆಲಸ ಓಡ್ತದೆ. ಡಾಕ್ಟರು ನೋಡ್ತಾರೆ, ನಾಲ್ಕು ಜನ ನೋಡ್ತಾರೆ. ಅಷ್ಟು ಸಾಕು ನಂಗೆ."

ನನಗೆ ಸಾಕಾಗಲಿಲ್ಲ. ಈಗ ಪ್ರಾಮಾಣಿಕವಾಗಿ ಕೇಳಿಕೊಂಡರೆ, ಆ ದಿನಗಳಲ್ಲಿ ನನಗೆ ಹೆಚ್ಚು ಉರಿದದ್ದು ಯಾರ ಮೇಲೆ? ಕೊಟ್ಟ ಮಾತು ನುಂಗಿದ ಅಣ್ಣನ ಮೇಲೆಯೋ, ನನ್ನ ಪರವಾಗಿ ಒಂದು ಮಾತೂ ಏರಿಸದೆ ಬೆರಳು ಒರೆಸಿಕೊಂಡ ಗಂಡನ ಮೇಲೆಯೋ — ಇಬ್ಬರೂ ಸೇರಿ ನನ್ನನ್ನು ಹಿಂದಿನ ಸೀಟಿಗೆ ಕಳಿಸಿದ್ದರು. ಹಾಗನಿಸಿತ್ತು. ಹಾಗನಿಸಿದ್ದು ತಪ್ಪೆಂದು ಹೇಳಲಾರೆ. ಆಮೇಲೆ ಮಾಡಿದ್ದು ತಪ್ಪು.

ಕೊನೆಯ ಗಾಡಿ ಹೊಯ್ಗೆ ಬಂದದ್ದು ಮಳೆಗಾಲದ ಮೋಡ ಸಮುದ್ರದ ಮೇಲೆ ಕಾಣಿಸಿಕೊಂಡ ಮೇಲೆ. ಇವರು ಗಿರಣಿಯಲ್ಲಿದ್ದರು. ಬೊಮ್ಮಗೌಡ ಹೊಯ್ಗೆ ಸುರಿದು, ತಲೆಯ ಮುಂಡಾಸು ಬಿಚ್ಚಿ ಬೆವರು ಒರೆಸುತ್ತ ನನಗೆ ಹೇಳಿದ — "ಅಮ್ಮಾ, ಮೇಲ್ಗಡೆ ಎತ್ತು ಇಳೀಲಿಲ್ಲ, ಕೆಸ್ರಾಗದೆ. ಇದು ಅಳವೆ ಬದಿಯದು. ಕಡಲ ನೀರು ಹತ್ತೂ ಜಾಗ. ಒಡೇರಿಗೆ ಹೇಳಿ, ಇನ್ನೊಂದೆರಡು ನೀರು ಹೆಚ್ಚು ತೊಳ್ಕಂಬುಕೆ."

"ಹೇಳ್ತೆ," ಎಂದೆ. ಹೇಳಲಿಲ್ಲ. ಆಗ ಏನೂ ಯೋಚಿಸಿರಲಿಲ್ಲ — ಇದು ನಿಜ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮಾತನ್ನು ಎಲ್ಲೋ ಒಂದು ಕಡೆ ಎತ್ತಿಟ್ಟುಕೊಂಡೆ, ಅಷ್ಟೇ.

ಎಂದಿನಂತೆ ತೊಳೆದೆ, ಎಂದಿನಷ್ಟೇ ತೊಳೆದೆ. ಒಣಗಿತು. ಬೆಳಿಗ್ಗೆ ಇವರು ಕುಲಾವಿಯನ್ನು ಹಣೆಯ ಮೇಲೆ ಮಡಚಿಟ್ಟುಕೊಂಡು ಅಂಗೈ ಚಾಚಿದರು. ಹುಬ್ಬಿನ ಮೇಲೆ ಹಿಂದಿನ ದಿನದ ದೂಳು ಇನ್ನೂ ಇತ್ತು. ಮುದುಕರಾದ ಮೇಲೆ ಹೀಗೇ ಕಾಣುವರೇನೋ ಎಂದು ಅನಿಸಿದ್ದು ನೆನಪಿದೆ. ಚಿಟಿಕೆ ಎತ್ತಿದೆ. ನಾಲಿಗೆಗೆ ಮುಟ್ಟಿಸಿದೆ. ಗಂಜಿಗೆ ಉಪ್ಪು ಮರೆತು ಆಮೇಲೆ ನಾಲ್ಕು ಹರಳು ಹಾಕಿದರೆ ಹೇಗೋ ಹಾಗೆ, ದೂರದಿಂದ, ಆದರೆ ಖಂಡಿತ ಇತ್ತು. ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಬಂದದ್ದು ಅಣ್ಣ. ಅಪ್ಪನ ಜಾಗದಲ್ಲಿ ಕೂತು, ಕೊಂಬು ಒತ್ತುತ್ತ, ಕೆಳಗಿನಿಂದ ತುಕ್ಕು ಏಳುತ್ತಿರುವುದು ಗೊತ್ತಿಲ್ಲದ ಅಣ್ಣ. ಏಳಲಿ ಎಂದುಕೊಂಡೆ.

"ಹೇಂಗದೆ?"

"ಸಪ್ಪೆ."

ಅವರು ಕುಲಾವಿ ಇಳಿಸಿಕೊಂಡು ಹೋದರು. ಎಂಜಿನು ಶುರುವಾಯಿತು. ಇನ್ನೂ ಓಡಿ ಹೋಗಿ ತಡೆಯಬಹುದಿತ್ತು. ಬಾಗಿಲು ಊದುವಾಗ ತಡೆಯಬಹುದಿತ್ತು, ಮಡ್‌ಗಾರ್ಡು ಊದುವಾಗ ತಡೆಯಬಹುದಿತ್ತು. ನಾನು ಒಲೆಯ ಮುಂದೆ ಕೂತು ಕಾಯಿ ತುರಿದೆ. ಸಂಜೆ ಅವರು ಕೆಂಪು ಬಣ್ಣ ಬಳಿಯುವಾಗ ಡಬ್ಬ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ಕೆಲಸ ಅವರ ಹೆಸರು ಎಂದು ಅವರೇ ನನಗೆ ಹೇಳಿದ್ದರು. ಅದು ಗೊತ್ತಿದ್ದೂ ನಿಂತಿದ್ದೆ.

ಮಳೆಗೆ ಮೊದಲು ಗಾಡಿ ಕಾರವಾರಕ್ಕೆ ಹೋಯಿತು. ಹೋಗುವಾಗ ಎತ್ತು ಬೇಕಾಗಲಿಲ್ಲ. ತಾನಾಗಿ ಓಡಿತು, ಇವರೇ ಓಡಿಸಿಕೊಂಡು ಹೋಗಿ ಬಿಟ್ಟು ಬಸ್ಸಿನಲ್ಲಿ ಬಂದರು. "ಘಟ್ಟದಲ್ಲಿ ಒಂದ್ಸಲವೂ ನಿಲ್ಲಲಿಲ್ಲ ಕಾಣು," ಎಂದು ಬಂದವರೇ ಹೇಳಿದರು. ನಾನು ಪಾದ ತೊಳೆಯಲು ನೀರು ಕೊಟ್ಟೆ.

ದೀಪಾವಳಿಗೆ ಅಣ್ಣನ ಮನೆಯಲ್ಲಿ ಊಟ. ಬರಹೇಳಿದ್ದ, ಹೋಗದೆ ಇರುವಂತಿರಲಿಲ್ಲ, ವರ್ಷಕ್ಕೊಮ್ಮೆ ಅಣ್ಣನಿಗೆ ಆರತಿ ಎತ್ತಬೇಕಾದ ದಿನ. ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿದ್ದ. ಬಂದ ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದರು, ಆ ಡಾಕ್ಟರರೂ ಇದ್ದರು. ಬಾಗಿಲುಗಳ ಕೆಳಗಡೆ, ಹಿಂದಿನ ಮಡ್‌ಗಾರ್ಡುಗಳ ಮೇಲೆ, ಹಸಿರು ಬಣ್ಣ ಸಿಡುಬು ಎದ್ದಂತೆ ಗುಳ್ಳೆಗುಳ್ಳೆಯಾಗಿತ್ತು. ದಾದಾ ಉಗುರಿನಿಂದ ಒಂದು ಗುಳ್ಳೆಯನ್ನು ಕೆದಕಿದ. ಅಂಗೈಯಗಲ ಬಣ್ಣ ಎದ್ದು ಕೆಳಗೆ ಬಿತ್ತು. ಒಳಗೆ ಕಂದು ಪುಡಿ.

"ನೋಡಿ, ನಮ್ಮ ಅಂಕೋಲೆ ಭಾವನ ಮುಂಬಯಿ ಯಂತ್ರದ ಕೆಲಸ! ಒಂದು ಮಳೆಗಾಲಕ್ಕೆ ಆಯ್ತು. ಅಕ್ಕಿ ಪಾಲಿಶ್ ಮಾಡೂದು ಬೇರೆ, ಮೋಟಾರು ಬೇರೆ, ಅಲ್ದಾ ಭಾವಾ?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹಬ್ಬದ ನಗು. ಇವರು ನಗಲಿಲ್ಲ. ಬಗ್ಗಿ, ಬಿದ್ದ ಬಣ್ಣದ ತುಂಡನ್ನು ಎತ್ತಿ ಮಗುಚಿ ನೋಡಿದರು. ಮತ್ತೆ ಮಗುಚಿದರು. ಡಾಕ್ಟರರು ಹೋಗುವಾಗ ಇವರ ಭುಜ ಮುಟ್ಟಿ, "ನನ್ನ ಗಾಡಿದು ಬರೂ ವರ್ಷ ನೋಡುವಾ," ಎಂದರು. ಬರುವ ವರ್ಷ ಬರಲೇ ಇಲ್ಲ. ಕುಮಟೆಯವರು ಹೇಳಿಯೂ ಕಳಿಸಲಿಲ್ಲ. ನಾನು ಅಂದು ಅಣ್ಣನಿಗೆ ಆರತಿ ಎತ್ತಿದೆ. ಬಾಯಿಗೆ ಸಿಹಿಯನ್ನೂ ಇಟ್ಟೆ. ಅದನ್ನೂ ಹೇಳಿಬಿಡುತ್ತೇನೆ.

ಊರಿಗೆ ಬಂದು ಇವರು ಯಂತ್ರವನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಹರವಿಕೊಂಡು ಕೂತರು. ಗಾಳಿಯಲ್ಲಿ ನೀರಿನ ಪಸೆ ಬಂದಿತ್ತೇ? ಸಿಂಧೂರದಲ್ಲಿ ಎಣ್ಣೆ ಕಡಿಮೆಯಾಯಿತೇ? ಆ ಸಂಜೆ ಬಣ್ಣ ಬಳಿಯಲು ತಡವಾಯಿತೇ? ದಿನಗಟ್ಟಲೆ ಹೀಗೆಯೇ. ಒಂದು ದಿನ ತಲೆಯೆತ್ತಿ ನನ್ನನ್ನು ಕೇಳಿದರು.

"ಏ, ಆ ಕಡೇ ಸಲದ ಹೊಯ್ಗೆ... ಸಪ್ಪೆ ಇತ್ತಲ್ದಾ?"

ಸಂಶಯದಿಂದ ಕೇಳಲಿಲ್ಲ. ಎಲ್ಲ ಬಾಗಿಲುಗಳನ್ನೂ ಒಮ್ಮೆ ತಟ್ಟಿ ನೋಡುವವರು ಇದನ್ನೂ ತಟ್ಟಿದರು, ಅಷ್ಟೇ. ಅಂದು ಇಲ್ಲ ಎಂದಿದ್ದರೆ — ಉಪ್ಪಿತ್ತು ಎಂದಿದ್ದರೆ — ಅವರು ಕಾರವಾರಕ್ಕೆ ಹೋಗಿ, ಆ ಬಾಗಿಲುಗಳನ್ನು ಬಿಚ್ಚಿ ತಂದು, ಮತ್ತೆ ಊದಿ ಸರಿ ಮಾಡಿ ಕೊಡುತ್ತಿದ್ದರು. ಆಗ ಎಲ್ಲವೂ ಸರಿಯಾಗಬಹುದಿತ್ತು, ನಾನೊಬ್ಬಳನ್ನು ಬಿಟ್ಟು.

"ಇತ್ತು," ಎಂದೆ.

ಮೊದಲನೆಯ ಸುಳ್ಳು ಸಿಟ್ಟಿನದು. ಸಿಟ್ಟಿಗೆ ಒಂದು ಮುಖವಾದರೂ ಇರುತ್ತದೆ. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಯಂತ್ರವನ್ನು ಹುಬ್ಬಳ್ಳಿಯ ಕಡೆಯವರು ಯಾರೋ ಬಂದು ಹಳೆ ಕಬ್ಬಿಣದ ಬೆಲೆಗೆ ಕೊಂಡುಹೋದರು. ಇವರು ಗಿರಣಿಗೆ ಮರಳಿದರು. ಜಗಲಿಗೆ ಬರುವ ಗಡಿಯಾರ, ಸೈಕಲ್ಲು ನಿಂತವು. ನಿಂತವು ಎಂದರೆ, ಬಂದರೂ ಇವರು ಮುಟ್ಟುತ್ತಿರಲಿಲ್ಲ, ಬೇರೆ ಕಡೆ ತೋರಿಸಿ ಎನ್ನುವರು. ಹೀಗೆ ವರ್ಷಗಳು ಹೋದವು. ಮನೆಯಲ್ಲಿ ಜಗಳವಿಲ್ಲ, ಕೊರತೆಯಿಲ್ಲ. ಹೊರಗಿನವರು ನೋಡಿದರೆ ಏನೂ ಆಗಿಲ್ಲ.

ಈ ವರ್ಷ ಮಳೆ ಮುಗಿದ ಮೇಲೆ ನನ್ನ ಹೊಲಿಗೆ ಯಂತ್ರ ಸಿಕ್ಕಿಹಾಕಿಕೊಂಡಿತು. ಮಗಳ ಲಂಗ ಅರ್ಧಕ್ಕೆ ನಿಂತಿತ್ತು. ಸ್ವಲ್ಪ ನೋಡ್ತ್ರಾ ಎಂದೆ. ಇವರು ಹತ್ತಿರ ಬಂದು ಬಗ್ಗಿದರು. ಚಕ್ರದ ಮೇಲೆ ಕೈ ಇಡಲು ಹೋದವರು ಕೈ ಹಿಂದೆ ತೆಗೆದರು.

"ಕಾರವಾರಕ್ಕೆ ಕಳಿಸು. ನಾ ಮುಟ್ಟಿದ್ದು ಬಾಳೂದಿಲ್ಲ."

ಮುನಿಸಿಲ್ಲ, ದುಃಖವಿಲ್ಲ. ಮಳೆ ಬರುತ್ತದೆ, ಕೊಡೆ ತಗೋ ಎನ್ನುವಂತೆ ಹೇಳಿದರು. ಅಷ್ಟು ಅಭ್ಯಾಸವಾಗಿತ್ತು ಅವರಿಗೆ, ನಾನು ಕೊಟ್ಟ ಆ ನಂಬಿಕೆ. ಅರ್ಧ ಹೊಲಿದ ಲಂಗ ಕೈಯಲ್ಲೇ ಇತ್ತು. ಹಾಗೆಯೇ ಹೇಳಿದೆ. ಬೊಮ್ಮಗೌಡ ಹೇಳಿದ್ದು, ನಾನು ಹೇಳದೆ ಇದ್ದದ್ದು, ನಾಲಿಗೆಗೆ ತಿಳಿದದ್ದು, ಎರಡು ಸಲದ ಸುಳ್ಳು, ಎಲ್ಲ. ಯಾಕೆ ಎಂಬುದನ್ನೂ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

ಹೊರಗೆ ಗಿರಣಿಯ ಪಟ್ಟಿಯ ಸದ್ದು. ಆಮೇಲೆ ತಮ್ಮ ಕೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವಂತೆ ನೋಡಿದರು.

"ಇಷ್ಟ್ ವರ್ಷ ನಾನು ಇವಕ್ಕೆ ಬೈದೆ," ಎಂದರು.

ಅಷ್ಟೇ. ಎದ್ದು ಹೋದರು. ಬೈದಿದ್ದರೆ, ಹೊಡೆದಿದ್ದರೆ — ಬೇಡ, ಅದನ್ನು ಬಯಸುವುದೂ ನನ್ನ ಸುಖಕ್ಕಾಗಿಯೇ. ಆ ದಿನದಿಂದ ನನ್ನೊಡನೆ ಬೇಕಾದಷ್ಟು ಮಾತಾಡುತ್ತಾರೆ. ಅಕ್ಕಿ, ಎಣ್ಣೆ, ಮಗಳ ಶಾಲೆ. ನನ್ನ ಮುಖ ನೋಡಿ ಮಾತಾಡುವುದಿಲ್ಲ. ಅಂದು ಅಣ್ಣ ನೋಡದೆ ಇದ್ದಾಗ ಹೇಗಿತ್ತೋ ನನಗೆ ಗೊತ್ತಿತ್ತು. ಇದು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಈ ದೀಪಾವಳಿಗೂ ಅಣ್ಣನ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಗಾಡಿಯನ್ನು ಅವನು ಮಾರಿ ಎಷ್ಟೋ ವರ್ಷವಾಯಿತು, ಆದರೆ ಮುಂಬಯಿ ಯಂತ್ರದ ಕಥೆಯನ್ನು ಪ್ರತಿ ವರ್ಷ ಊಟದ ಪಂಕ್ತಿಯಲ್ಲಿ ಹೇಳುತ್ತಾನೆ. 'ಅಂಕೋಲೆ ಕೆಲಸ' ಎಂದರೆ ಅವರ ಬಳಗದಲ್ಲಿ ಈಗ ಒಂದು ಗಾದೆಯೇ ಆಗಿದೆ. ಡಾಕ್ಟರರೂ ಬರುತ್ತಾರೆ. ಈ ಸಲ ಆ ಪಂಕ್ತಿಯ ಮುಂದೆ ನಿಂತು ನಾನು ಹೇಳುತ್ತೇನೆ ಎಂದು ನಿರ್ಧರಿಸಿದ್ದೇನೆ. ಅಣ್ಣನ ಬಾಗಿಲು ಆಮೇಲೆ ನನಗೆ ತೆರೆಯುವುದಿಲ್ಲ. ತೆರೆಯದಿರಲಿ.

ನಿನ್ನೆ ಇವರಿಗೆ ಹೇಳಿದೆ — ಹೋಗುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ನೀವೂ ಬನ್ನಿ ಎಂದು ಕೇಳುವುದಿಲ್ಲ. ಅವರು ಅಂಗಳದಲ್ಲಿ ನಿಂತು ಗಿರಣಿಯ ಕಡೆ ನೋಡುತ್ತಿದ್ದರು.

"ಹೋಗು," ಎಂದರು. "ನನ್ನ ಕೈ ಒಳ್ಳೇದು ಅಂತ ಅಲ್ಲಿ ಹೇಳೂದು ಬೇಡ. ಅದು ನಾ ನೋಡ್ಕಳ್ತೆ. ನೀ ಮಾಡಿದ್ದು ಹೇಳು."

ಅದನ್ನೇ ಹೇಳುತ್ತೇನೆ. ನಾನು ಮಾಡಿದ್ದನ್ನು ಮಾತ್ರ.